ತವರಿಗೆ ಮರಳಿದವಳು ಬರೀ ನೆಂಟಳೇ?

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನು ಇಂದಿಗೂ ನಮ್ಮ ಹೆಂಗಸರೇ ಹೇಳುತ್ತಾರೆ. ಈ ಗಾದೆಯನ್ನು ಹೂಳದ ಹೊರತು ವರದಕ್ಷಿಣೆಯ ಹಿಂಸೆ ನಿಲ್ಲದು ಎಂಬುದು ನನ್ನ ವಾದ. ಮರಳಲು ಮನೆಯಿಲ್ಲದ ಹೆಣ್ಣು ಪೆಟ್ಟನ್ನು ಸಹಿಸುತ್ತಾಳೆ. ಸಹಿಸುತ್ತಾಳೆಂದು ಗೊತ್ತಿರುವುದರಿಂದಲೇ ಹೊಡೆಯುವವನ ಕೈ ಏಳುತ್ತದೆ.

ಹಲವು ಊರುಗಳ ಕಾಲೇಜುಗಳಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನಾನು ಹುಟ್ಟೂರು ಮಾರನಹಳ್ಳಿಗೆ ಬಂದು ಚಿಕ್ಕದೊಂದು ಹೆಂಚಿನ ಮನೆ ಮಾಡಿಕೊಂಡೆ. ಶಿರಾಡಿ ಘಾಟಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಿವೆ, ಪ್ರಶ್ನೆ ಮಾತ್ರ ಹಳೆಯದೇ: ‘ಯಾರ ಮನೆಗೆ ಬಂದ್ರಿ? ಎಷ್ಟು ದಿನ ಇರ್ತೀರಿ?’ ಬೆಂಗಳೂರಿನಿಂದ ಮರಳುವ ಗಂಡಸನ್ನು ಯಾರೂ ಹೀಗೆ ಕೇಳುವುದಿಲ್ಲ. ಅವನು ‘ಊರಿಗೆ ಬಂದ’, ಅವಳು ‘ವಾಪಸ್ ಬಂದಳು’. ನನಗೆ ಪಿಂಚಣಿಯಿದೆ, ನಕ್ಕು ಸುಮ್ಮನಾಗಬಲ್ಲೆ. ಗಂಡನ ಮನೆಯಲ್ಲಿ ಪೆಟ್ಟು ತಿಂದು, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಸುರಿಯುವ ಮಳೆಯಲ್ಲಿ ಬಸ್ಸಿಳಿದವಳಿಗೆ ಇದೇ ಪ್ರಶ್ನೆ ಎದುರಾದರೆ ಅವಳು ಮುಂದಿನ ಬಸ್ಸಿಗೇ ತಿರುಗಿ ಹೋಗುತ್ತಾಳೆ.

‘ಮದುವೆಯಲ್ಲೇ ಕೊಟ್ಟಿದ್ದೇವಲ್ಲ, ಇನ್ನೆಂಥ ಪಾಲು?’ ಎನ್ನುತ್ತಾರೆ. ಕೊಟ್ಟಿದ್ದು ಯಾರಿಗೆ? ಅಳಿಯನಿಗೆ, ಅವನ ಅಪ್ಪನಿಗೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ತಪ್ಪು, ಪಡೆಯುವುದೂ ತಪ್ಪು. ಬೇರೆಯವರು ಪಡೆದಿದ್ದರೆ ಅದನ್ನು ಆ ಹೆಣ್ಣಿಗೇ ಒಪ್ಪಿಸಬೇಕು. ಮಗಳ ಪಾಲನ್ನು ಬೀಗರ ಕೈಗಿಟ್ಟು, ಮಗಳ ಬಾಯಿ ಮುಚ್ಚಿಸುವುದು ಯಾವ ನ್ಯಾಯ?

ಮನೆಗೂ ಹೊಡೆತಕ್ಕೂ ಇರುವ ನಂಟು ನನ್ನ ಊಹೆಯಲ್ಲ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಭೂಮಿಯೂ ಮನೆಯೂ ಇಲ್ಲದ ವಿವಾಹಿತೆಯರಲ್ಲಿ ನೂರಕ್ಕೆ 49 ಮಂದಿ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ತಮ್ಮ ಹೆಸರಿನಲ್ಲಿದ್ದವರಲ್ಲಿ ಹಾಗೆ ನೊಂದವರು ನೂರಕ್ಕೆ 7 ಮಂದಿ ಮಾತ್ರ.

ಹಿಂದೂ ಕುಟುಂಬಗಳ ಮಟ್ಟಿಗೆ ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ನಮ್ಮ ರಾಜ್ಯ 1994ರಲ್ಲೇ ಜಾರಿಗೆ ತಂದಿತು; ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುವುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಇನ್ನು 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮನೆ ಯಾರ ಹೆಸರಿನಲ್ಲಿದ್ದರೂ ಸರಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಣ್ಣಿಗೆ ಕೊಡುತ್ತದೆ.

ಹಾಗಾದರೆ ಹಕ್ಕು ಎಲ್ಲಿ ಸೋರಿಹೋಗುತ್ತಿದೆ? ಕಾಗದದಲ್ಲಿ. ಅಪ್ಪ ತೀರಿಕೊಂಡ ಮೇಲೆ ಬರೆಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಡುತ್ತಾರೆ. ಪೌತಿ ಖಾತೆ ಗಂಡುಮಕ್ಕಳಿಗಷ್ಟೇ ಆಗುತ್ತದೆ. ಇಲ್ಲವೇ ಒಂದು ಸೀರೆ, ಅರಿಸಿನ ಕುಂಕುಮ ಕೊಟ್ಟು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಒಪ್ಪದಿದ್ದರೆ ‘ಗೌರಿ ಹಬ್ಬದ ಬಾಗಿನ ನಿಲ್ಲುತ್ತದೆ’ ಎಂಬ ಬೆದರಿಕೆ. ವರ್ಷಕ್ಕೊಂದು ಮೊರದ ಬಾಗಿನಕ್ಕೆ ಜೀವಮಾನದ ಆಸರೆಯನ್ನು ಬಿಟ್ಟುಕೊಡಬೇಕೇ? ಪಾಲು ಕೇಳಿದೊಡನೆ ಮುರಿಯುವ ಪ್ರೀತಿ ಕಷ್ಟಕಾಲದಲ್ಲಿ ಬಾಗಿಲು ತೆರೆದೀತೇ?

‘ನಮಗೆ ತೋಟವೂ ಇಲ್ಲ, ಗದ್ದೆಯೂ ಇಲ್ಲ, ನಮಗೇಕೆ ಈ ಮಾತು?’ ಎನ್ನುವ ಸೋದರಿಯರಿದ್ದಾರೆ. ಒಂದು ನಿವೇಶನವಿದ್ದರೂ, ಸರ್ಕಾರ ಕೊಟ್ಟ ಎರಡು ಕೋಣೆಯ ಮನೆಯಿದ್ದರೂ ಅದು ಆಸ್ತಿಯೇ. ಅದರ ಹಕ್ಕುಪತ್ರದಲ್ಲಿ ಯಾರ ಹೆಸರಿದೆ ಎಂದು ಇವತ್ತೇ ತೆಗೆದು ನೋಡಿ.

ಅಕ್ಕತಂಗಿಯರೇ, ಉಳಿತಾಯದ ಲೆಕ್ಕ ಬರೆಯುವ ಸಂಘ ಇಷ್ಟು ಮಾಡಲಿ. ಯಾವ ಸದಸ್ಯೆಯೂ ಹಕ್ಕು ಬಿಡುಗಡೆ ಪತ್ರವನ್ನು ಸಂಘದಲ್ಲಿ ಓದಿಸಿ ಕೇಳದೆ ಸಹಿ ಹಾಕಬಾರದು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದೆಯೇ ಎಂದು ಜೊತೆಗೆ ಹೋಗಿ ನೋಡಬೇಕು. ಪೆಟ್ಟು ತಿಂದು ಬಂದವಳಿಗೆ ‘ಅನುಸರಿಸಿಕೊಂಡು ಹೋಗಮ್ಮ’ ಎನ್ನುವುದನ್ನು ನಿಲ್ಲಿಸಬೇಕು. ಕೊನೆಯದಾಗಿ, ಮಗಳ ಮದುವೆಗೆಂದು ಸಾಲ ಕೇಳುವ ತಾಯಿಗೆ ಹೇಳಿ: ಆ ದುಡ್ಡು ವರನ ಕೈಗಲ್ಲ, ಮಗಳ ಹೆಸರಿನ ಸೂರಿಗೆ.