‘ನೀನಿದ್ದೀಯಲ್ಲ’ ಅನ್ನೋದು ಉಯಿಲಲ್ಲ

ನಮ್ಮ ಮನೆಗೆ ಬಂದ ನೆಂಟರು ಕಾಫಿ ಕುಡಿದು ಲೋಟ ಕೆಳಗಿಡುವಾಗ ಒಮ್ಮೆ ಅಕ್ಕನ ಕಡೆ ನೋಡುತ್ತಾರೆ. ಆಮೇಲೆ ಅಪ್ಪ–ಅಮ್ಮನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಕೊನೆಗೆ ನನ್ನ ಬೆನ್ನು ತಟ್ಟಿ, ‘ನೀನಿದ್ದೀಯಲ್ಲಪ್ಪ, ಇನ್ನೇನು ಚಿಂತೆ’ ಅನ್ನುತ್ತಾರೆ. ಏಳನೇ ಕ್ಲಾಸಿನಿಂದ ಈ ಮಾತು ಕೇಳುತ್ತಿದ್ದೇನೆ. ಆಗ ಹೆಮ್ಮೆ ಅನಿಸುತ್ತಿತ್ತು. ಈಗ ನನಗೆ ಇಪ್ಪತ್ತು, ಸಿವಿಲ್ ಬಿಇ ಮೂರನೇ ವರ್ಷ. ಈಗ ಅದೇ ಮಾತು ಕೇಳಿದರೆ ಭಯವಾಗುತ್ತದೆ.

ಅಕ್ಕನಿಗೆ 24 ವರ್ಷ. ಡೌನ್ ಸಿಂಡ್ರೋಮ್ ಇದೆ. ಬಟ್ಟೆ ಮಡಚುವುದರಲ್ಲಿ ನಮ್ಮ ಮನೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಸಂಜೆಯ ಧಾರಾವಾಹಿಗಳ ಎಲ್ಲ ಪಾತ್ರಗಳ ಹೆಸರು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಅವಳಿಗೆ ಬಾಯಿಪಾಠ. ಆದರೆ ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ವಾಪಸ್ ಬರಬೇಕೆಂದು ಗೊತ್ತಾಗುವುದಿಲ್ಲ.

ಹೋದ ವರ್ಷ ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ಅಪ್ಪನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಬೇಕಾಯಿತು. ದುಡ್ಡು ಹೊಂದಿಸುವಾಗ ಅಮ್ಮನಿಗೆ ಅಕ್ಕನ ಹೆಸರಿನ ಎಫ್‌ಡಿ ನೆನಪಾಯಿತು. ಅಕ್ಕ ಚಿಕ್ಕವಳಿದ್ದಾಗ ಅಪ್ಪ ಗಾರ್ಡಿಯನ್ ಆಗಿ ಸಹಿ ಮಾಡಿ ಇಟ್ಟದ್ದು. ಬ್ಯಾಂಕಿನಲ್ಲಿ ಹುಟ್ಟಿದ ತಾರೀಖು ನೋಡಿ, ‘ಇವರಿಗೆ 18 ತುಂಬಿ ಎಷ್ಟೋ ವರ್ಷ ಆಯ್ತಲ್ಲ. ಈಗ ಇವರೇ ಸಹಿ ಮಾಡಬೇಕು, ಇಲ್ಲಾಂದ್ರೆ ಲೀಗಲ್ ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ’ ಅಂದರು. ‘ನಾನು ಹೆತ್ತ ತಾಯಿ ಕಣಪ್ಪ’ ಅಂದಳು ಅಮ್ಮ. ಅವರು ಕೆಟ್ಟವರಾಗಿರಲಿಲ್ಲ, ನಿಯಮ ಹೇಳಿದರು ಅಷ್ಟೆ. ಕೊನೆಗೆ ಚಿಕ್ಕಮ್ಮನ ಬಳೆ ಅಡವಿಟ್ಟು ಆಸ್ಪತ್ರೆಯ ಬಿಲ್ ಕಟ್ಟಿದೆವು.

ಅಪ್ಪ ಮನೆಗೆ ಬಂದ ಮೇಲೆ ದೊಡ್ಡಪ್ಪ ಬಂದರು. ‘ತಮ್ಮಾ, ಮನೆಯನ್ನ ಹುಡುಗನ ಹೆಸರಿಗೇ ದಾನಪತ್ರ ಮಾಡಿಬಿಡು. ಆ ಕೂಸಿಗೆ ಆಸ್ತಿ ತಗೊಂಡು ಏನಾಗಬೇಕು? ಹೆಂಗೂ ಇವನೇ ನೋಡ್ಕೊಳ್ತಾನೆ’ ಅಂದರು. ದೊಡ್ಡಪ್ಪ ನಮ್ಮ ಕೆಡುಕು ಬಯಸುವವರಲ್ಲ. ಆಸ್ಪತ್ರೆಯಲ್ಲಿ ಮೂರು ರಾತ್ರಿ ಬೆಂಚಿನ ಮೇಲೆ ಮಲಗಿದವರು. ಬಹಳಷ್ಟು ಮನೆಗಳಲ್ಲಿ ಹಿರಿಯರು ಕೊಡುವ ಸಲಹೆ ಇದೇ. ಇದರಲ್ಲಿ ಲಾಭ ಇರುವುದು ನನಗೇ. ಆದರೂ ನಾನು ಬೇಡ ಅಂದೆ.

ಇಡೀ ಮನೆಯ ಭಾರವನ್ನು ಒಂದೇ ಕಂಬದ ಮೇಲೆ ಹೊರಿಸಿ ಡ್ರಾಯಿಂಗ್ ತಂದರೆ ನಮ್ಮ ಮೇಷ್ಟ್ರು ಅದನ್ನು ವಾಪಸ್ ಕೊಡುತ್ತಾರೆ. ‘ಈ ಕಂಬ ಹೋದರೆ?’ ಎಂದು ಕೇಳುತ್ತಾರೆ. ಇಲ್ಲಿ ಆ ಕಂಬ ನಾನೇ. ದಿನಾ ಬೈಕಿನಲ್ಲಿ ಹೈವೇ ದಾಟಿ ಕಾಲೇಜಿಗೆ ಹೋಗುತ್ತೇನೆ. ನಾಳೆ ವ್ಯವಹಾರಕ್ಕೆ ಕೈಹಾಕಿ ಸೋತರೆ ಸಾಲ ಕೊಟ್ಟವರು ನನ್ನ ಹೆಸರಿನ ಮನೆಗೇ ಬರುತ್ತಾರೆ, ಒಳಗೆ ಅಕ್ಕ ಇದ್ದಾಳೆಂದು ಬಿಡುವುದಿಲ್ಲ. ಮದುವೆಯಾದ ಮೇಲೆ ನನಗೇನಾದರೂ ಆದರೆ, ಉಯಿಲು ಬರೆದಿಡದಿದ್ದರೆ, ಆಸ್ತಿ ಹೆಂಡತಿ–ಮಕ್ಕಳಿಗೆ ಹೋಗುತ್ತದೆಯೇ ಹೊರತು ಅಕ್ಕನಿಗಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಲವತ್ತರ ವಯಸ್ಸಿನಲ್ಲಿ ನಾನು ಎಂಥವನಾಗಿರುತ್ತೇನೆಂದು ಇಪ್ಪತ್ತರಲ್ಲಿ ನಾನೇ ಆಣೆ ಮಾಡಿ ಹೇಳಲಾರೆ. ಅಕ್ಕನ ಅನ್ನ ನನ್ನ ಒಳ್ಳೆಯತನದ ಮೇಲೆ ನಿಲ್ಲಬಾರದು.

ಅಪ್ಪನ ಗೆಳೆಯರೊಬ್ಬರ ಪರಿಚಯದ ವಕೀಲರ ಬಳಿ ಹೋದೆವು. ಅಲ್ಲಿ ತಿಳಿದದ್ದನ್ನು ನನ್ನಂಥ ತಮ್ಮ–ತಂಗಿಯರಿಗಾಗಿ ಬರೆಯುತ್ತಿದ್ದೇನೆ.

ಮೊದಲನೆಯದು, ಅಕ್ಕನಿಗೆ ಪಾಲು ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಕಾಯಿಲೆಯಾಗಲಿ, ಅಂಗವೈಕಲ್ಯವಾಗಲಿ ಯಾರ ಹಕ್ಕನ್ನೂ ಕಸಿಯುವುದಿಲ್ಲ. ಅಪ್ಪ ಉಯಿಲು ಬರೆಯದೇ ಹೋದರೂ ಅಮ್ಮ, ಅಕ್ಕ, ನಾನು ಮೂವರಿಗೂ ಸಮಪಾಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಆಸ್ತಿ ಹೊಂದುವ, ಆಸ್ತಿಗೆ ವಾರಸುದಾರರಾಗುವ ಹಕ್ಕನ್ನು ಒಪ್ಪುತ್ತದೆ. ‘ಅವಳಿಗ್ಯಾಕೆ ಆಸ್ತಿ’ ಎಂಬ ಪ್ರಶ್ನೆಯೇ ತಪ್ಪು.

ಎರಡನೆಯದು, 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಗಾರ್ಡಿಯನ್ ಅಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಆ ಸಮಿತಿಯಲ್ಲಿರುತ್ತಾರೆ. ನೇಮಕವಾದ ಗಾರ್ಡಿಯನ್ ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷಿಸಿದರೆ, ದುರುಪಯೋಗ ಮಾಡಿದರೆ ಸಮಿತಿ ಅವರನ್ನು ತೆಗೆಯಬಹುದು. ‘ಮನೆಯ ವಿಷಯಕ್ಕೆ ಸರ್ಕಾರ ಯಾಕೆ’ ಎಂದು ದೊಡ್ಡಪ್ಪ ಗೊಣಗಿದರು. ನನಗಂತೂ ಯಾರಾದರೂ ನನ್ನ ಲೆಕ್ಕ ಕೇಳುತ್ತಾರೆ ಎಂಬುದೇ ನೆಮ್ಮದಿ.

ಮೂರನೆಯದನ್ನು ಕೇಳಿ ನಾವೆಲ್ಲ ಸುಮ್ಮನಾದೆವು. ಈ ಕಾಯ್ದೆಯ ನಿಯಮಗಳ ಪ್ರಕಾರ ಹೆಣ್ಣುಮಗಳಿಗೆ ಒಂಟಿ ಗಂಡಸನ್ನು ಗಾರ್ಡಿಯನ್ ಮಾಡುವಂತಿಲ್ಲ. ಹೆಂಡತಿಯ ಜೊತೆ ಜಂಟಿಯಾಗಿ ಮಾತ್ರ ಆಗಬಹುದು, ಅದರಲ್ಲೂ ಹೆಂಡತಿಯೇ ಮುಖ್ಯ. ಅಂದರೆ ಇಷ್ಟು ವರ್ಷ ಎಲ್ಲರೂ ನನ್ನ ಬೆನ್ನು ತಟ್ಟಿ ಹೇಳಿದ ‘ನೀನಿದ್ದೀಯಲ್ಲ’ ಕಾಗದದ ಮೇಲೆ ನಡೆಯುವುದೇ ಇಲ್ಲ. ಹೀಗಾಗಿ ಈಗ ಅಪ್ಪ–ಅಮ್ಮನೇ ಅರ್ಜಿ ಹಾಕಿದ್ದಾರೆ. ಅವರ ನಂತರ ಚಿಕ್ಕಮ್ಮ ಎಂದು ಮಾತಾಗಿದೆ. ‘ನನ್ನ ಬಳೆ ಬಿಡಿಸಿಕೊಡಿ, ಬೇಕಾದಲ್ಲಿ ಸಹಿ ಹಾಕ್ತೀನಿ’ ಅಂದಳು ಚಿಕ್ಕಮ್ಮ.

ಇನ್ನು ಉಯಿಲು. ಇದಕ್ಕೆ ಛಾಪಾ ಕಾಗದ ಬೇಡ. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರೆ ನಡೆಯುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬದುಕಿರುವವರೆಗೂ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಾನಪತ್ರ ಹಾಗಲ್ಲ, ಕೊಟ್ಟ ಮೇಲೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ನಾಮಿನಿ ಹೆಸರು ಹಾಕಿದರೆ ಸಾಕು ಎಂದುಕೊಂಡಿದ್ದೆವು, ಅದೂ ಸರಿಯಲ್ಲ. ಬ್ಯಾಂಕಿನ ದುಡ್ಡನ್ನು ನಾಮಿನಿ ಪಡೆಯುವುದು ವಾರಸುದಾರರ ಪರವಾಗಿ, ತಾನೇ ಮಾಲೀಕನಾಗಿ ಅಲ್ಲ. ಅಪ್ಪ ಸಿದ್ಧಪಡಿಸಿದ ಕರಡಿನಲ್ಲಿ ಮನೆ ಇಬ್ಬರಿಗೂ ಅರ್ಧರ್ಧ. ಅಮ್ಮ ಇರುವವರೆಗೂ ಅಲ್ಲೇ ಇರುವ ಹಕ್ಕು ಅವಳದು. ಅಕ್ಕನ ಭಾಗ ಮತ್ತು ಮೇಲಿನ ಮನೆಯ ಬಾಡಿಗೆ ಒಂದು ಟ್ರಸ್ಟಿನಲ್ಲಿ ಇರುತ್ತದೆ. ಚಿಕ್ಕಮ್ಮ ಮತ್ತು ನಾನು ಟ್ರಸ್ಟಿಗಳು. ಇಬ್ಬರ ಸಹಿ ಇಲ್ಲದೆ ಒಂದು ರೂಪಾಯಿಯೂ ಕದಲುವಂತಿಲ್ಲ.

ಇದು ಬಂಗಲೆ ಇರುವವರ ಮಾತು ಎಂದುಕೊಳ್ಳಬೇಡಿ. ಅಪ್ಪ ಕಾರ್ಖಾನೆಯ ಫಿಟ್ಟರ್. 30–40ರ ಸೈಟಿನಲ್ಲಿ ಸಾಲ ಮಾಡಿ ಕಟ್ಟಿದ ಮನೆ ನಮ್ಮದು. ಇರುವುದು ಕಡಿಮೆ ಆದಾಗಲೇ ಅದು ಕೈತಪ್ಪದಂತೆ ನೋಡಿಕೊಳ್ಳಬೇಕು. ಪಿಎಫ್ ಜೊತೆಗಿನ 1995ರ ಪಿಂಚಣಿ ಯೋಜನೆಯಲ್ಲಿ ಮಕ್ಕಳ ಪಿಂಚಣಿ 25 ವರ್ಷಕ್ಕೆ ನಿಲ್ಲುತ್ತದೆ. ಶಾಶ್ವತವಾಗಿ, ಪೂರ್ತಿಯಾಗಿ ಅಂಗವಿಕಲರಾದ ಮಕ್ಕಳಿಗೆ ಆ ಮಿತಿ ಇಲ್ಲ. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ದಲ್ಲಿ ವರ್ಷಕ್ಕೆ ₹1 ಲಕ್ಷದವರೆಗೆ ಆರೋಗ್ಯ ವಿಮೆ ಇದೆ. ಇಷ್ಟು ವರ್ಷ ನಮಗೆ ಎರಡೂ ಗೊತ್ತಿರಲಿಲ್ಲ.

ಕಾನೂನಿಗೆ ಸಿಗದ್ದೂ ಒಂದಿದೆ. ಅದಕ್ಕೆ ಅಮ್ಮ ಮತ್ತು ನಾನು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ. ಮೊಸರನ್ನಕ್ಕೆ ಒಗ್ಗರಣೆ ಹಾಕಿದರೆ ತಿನ್ನುವುದಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಮೊದಲೇ ಹೇಳಬೇಕು. ಹಲ್ಲುನೋವು ಬಂದರೆ ಬಾಯಿಬಿಟ್ಟು ಹೇಳಳು, ಊಟ ಬಿಡುತ್ತಾಳೆ. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ‘ನೋಡಿಕೊಳ್ಳುತ್ತೇನೆ’ ಎಂದು ತಿರುಗುತ್ತಿದ್ದ ನನಗೆ ಇದರಲ್ಲಿ ಅರ್ಧ ತಿಳಿದಿರಲಿಲ್ಲ.

ಇಷ್ಟೆಲ್ಲ ಮಾಡುವಾಗ ಅಕ್ಕನನ್ನು ಯಾರೂ ಕೇಳಿರಲಿಲ್ಲ. ಒಂದು ರಾತ್ರಿ ಕೇಳಿದೆ: ‘ಮುಂದೆ ನಿನಗೆ ಎಲ್ಲಿರೋಕೆ ಇಷ್ಟ?’ ಬಟ್ಟೆ ಮಡಚುತ್ತಲೇ ಹೇಳಿದಳು: ‘ಇಲ್ಲೇ. ನೀನು ಬೆಂಗಳೂರಿಗೆ ಹೋಗು. ಹಬ್ಬಕ್ಕೆ ಬಾ.’ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ, ಮೊದಲ ಪುಟದಲ್ಲಿ.

ಉಯಿಲಿನ ಕರಡು ಇನ್ನೂ ಟಿವಿ ಸ್ಟ್ಯಾಂಡ್ ಮೇಲಿದೆ. ಅಪ್ಪ ಎರಡು ಕಡೆ ತಿದ್ದಿದ್ದಾರೆ, ಸಹಿ ಹಾಕಿಲ್ಲ. ‘ಉಯಿಲು ಅಂದ್ರೆ ಸಾವಿನ ಮಾತು ಕಣೋ’ ಅನ್ನುತ್ತಾರೆ. ನಾನು ಒತ್ತಾಯಿಸುವುದಿಲ್ಲ, ಮರೆಯಲೂ ಬಿಡುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಅಣ್ಣ, ಅಕ್ಕ, ತಮ್ಮ, ತಂಗಿ ಇದ್ದರೆ ಈ ಮಾತನ್ನು ನೀವೇ ಎತ್ತಿ. ಹೆತ್ತವರು ಎತ್ತಲಾರರು, ಎತ್ತಿದರೆ ನಮಗೆ ಭಾರವಾಗುತ್ತದೆ ಎಂದು ಅವರಿಗೆ ಹೆದರಿಕೆ. ಕ್ಯಾಂಪಸ್ ಇಂಟರ್‌ವ್ಯೂಗೆ ಫೈಲು ಜೋಡಿಸುವ ನಾವು ಒಂದು ಭಾನುವಾರ ಕೂತು ಈ ಫೈಲನ್ನೂ ಜೋಡಿಸಬಹುದು. ಇನ್ನು ನೆಂಟರು ಬಂದು ‘ನೀನಿದ್ದೀಯಲ್ಲ’ ಅಂದರೆ, ‘ಇದ್ದೀನಿ, ಕಾಗದವೂ ಇದೆ’ ಅನ್ನಬೇಕೆಂದಿದ್ದೇನೆ. ಅಪ್ಪನ ಸಹಿಯೊಂದು ಬಾಕಿ.