‘ವಯಸ್ಸಾಯಿತು’ ಎಂಬ ಮದ್ದು

ನಮ್ಮ ಕಡೆ ಹೆಂಗಸರ ಕಾಯಿಲೆಗಳಿಗೆಲ್ಲ ಒಂದೇ ಮದ್ದು: ‘ವಯಸ್ಸಾಯಿತು.’ ಸಿಂಧಘಟ್ಟದಲ್ಲಿರುವ ನನ್ನ ಸೋದರತ್ತೆ ‘ಕಾಲು ಉರೀತದೆ ಕಣವ್ವ, ನೆಲ ಮೆಟ್ಟಿದ್ರೆ ಹತ್ತಿ ಮೆಟ್ಟಿದಂಗಾಯ್ತದೆ’ ಎಂದು ಮೂರು ವರ್ಷ ಹೇಳಿದರು. ‘ವಯಸ್ಸಾಯ್ತಲ್ಲವ್ವ’ ಎಂದ ಮಗ. ಪೇಟೆಯ ಡಾಕ್ಟರೊಬ್ಬರು ‘ನರ ವೀಕು’ ಎಂದು ಸೂಜಿ ಚುಚ್ಚಿ ಕಳಿಸಿದರು. ರಕ್ತದ ಸಕ್ಕರೆ ನೋಡೋಣವೆಂದು ಯಾರಿಗೂ ಅನ್ನಿಸಲಿಲ್ಲ. ಕೊನೆಗೆ ನೋಡುವ ಹೊತ್ತಿಗೆ ಅಂಗಾಲಿನಲ್ಲಿ ಹುಣ್ಣಾಗಿತ್ತು. ಮುಳ್ಳು ಚುಚ್ಚಿದ್ದೇ ಅವರಿಗೆ ತಿಳಿದಿರಲಿಲ್ಲ.

‘ವಯಸ್ಸಾಯಿತು’ ಎಂಬುದು ಬರೀ ಒರಟು ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಅದು ಸುಳ್ಳು ಮಾತು. ಪ್ರಯೋಗಾಲಯಗಳು ಅದನ್ನು ಸುಳ್ಳೆಂದು ತೋರಿಸಿ ಬಹಳ ಕಾಲವಾಯಿತು.

ನಮ್ಮ ಕಾಲ್ಬೆರಳಿನ ಸ್ಪರ್ಶವನ್ನು ಒಯ್ಯುವ ನರಕೋಶದ ಒಡಲು ಇರುವುದು ಸೊಂಟದ ಹತ್ತಿರ, ಬೆನ್ನುಮೂಳೆಯ ಪಕ್ಕದಲ್ಲಿ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಆ ಒಡಲಿನಿಂದ ಹೊರಟ ಎಳೆ ಸುಮಾರು ಒಂದು ಮೀಟರ್ ಉದ್ದ. ಅದನ್ನೇ ಆಕ್ಸಾನ್ ಎನ್ನುತ್ತಾರೆ. ತುದಿಗೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಒಡಲಿನಿಂದಲೇ ಸಾಗಿಬರಬೇಕು. ನಾಲೆಯ ಕೊನೆಯ ಗದ್ದೆಯ ಪಾಡು ನಮ್ಮವರಿಗೆ ಹೇಳಬೇಕೆ? ಸಕ್ಕರೆ ಕಾಯಿಲೆಯಲ್ಲಿ ಮೊದಲು ಒಣಗುವುದು ಅತಿ ಉದ್ದದ ಎಳೆ, ಅದೂ ತುದಿಯಿಂದ. ಉರಿ ಕಾಲ್ಬೆರಳಲ್ಲಿ ಶುರುವಾಗುವುದು ಅದಕ್ಕೇ.

1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ, ಒಡಲಿನಿಂದ ಬೇರೆಯಾದ ಭಾಗ ಪುಡಿಯಾಗುವುದನ್ನು ಕಂಡ. ಪೋಷಣೆ ಸಿಗದೆ ಸತ್ತಿತೆಂದೇ ಬಹುಕಾಲ ನಂಬಿದ್ದರು. 1989ರಲ್ಲಿ ಇಂಗ್ಲೆಂಡಿನಲ್ಲಿ ಒಂದು ತಳಿಯ ಇಲಿಯಲ್ಲಿ ಕತ್ತರಿಸಿದ ನರ ವಾರಗಟ್ಟಲೆ ಉಳಿಯುವುದು ಕಂಡುಬಂತು. 2012ರಲ್ಲಿ ಸಾರ್ಮ್-1 ಎಂಬ ಒಂದೇ ವಂಶವಾಹಿಯನ್ನು ತೆಗೆದರೂ ಹಾಗೆಯೇ ಉಳಿಯುತ್ತದೆಂದು ತಿಳಿಯಿತು. ಅಂದರೆ ಎಳೆ ಸುಮ್ಮನೆ ಸಾಯುವುದಿಲ್ಲ. ತನ್ನನ್ನು ಕೆಡವುವ ಸಾಧನವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಅದನ್ನು ತಡೆಯುವ ಮದ್ದು ಔಷಧದಂಗಡಿಗೆ ಇನ್ನೂ ಬಂದಿಲ್ಲ, ನಿಜ. ಆದರೆ ನರ ಸಾಯುವುದು ಹಣೆಬರಹವಲ್ಲ, ತಡೆಯಲು ದಾರಿ ಹುಡುಕಬಹುದಾದ ಒಂದು ಕ್ರಿಯೆ ಎಂಬುದಂತೂ ಖಚಿತವಾಯಿತಲ್ಲ!

ಸಂಧ್ಯಾ ಕೌಶಿಕ ಎಂಬ ವಿಜ್ಞಾನಿ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲೂ ಆಮೇಲೆ ಮುಂಬಯಿಯ ಟಿಐಎಫ್‌ಆರ್‌ನಲ್ಲೂ ಒಂದು ಮಿಲಿಮೀಟರ್ ಉದ್ದದ ಹುಳುವಿನ ಆಕ್ಸಾನಿನೊಳಗಿನ ಸಾಗಾಟವನ್ನು ವರ್ಷಗಟ್ಟಲೆ ನೋಡಿದ್ದಾರೆ. ‘ಹುಳು ನೋಡಿ ಏನು ಲಾಭ?’ ಎಂದು ನಗುವವರಿದ್ದಾರೆ. ಹುಳುವಿನ ನರಕ್ಕೆ ಒಬ್ಬ ಹೆಣ್ಣುಮಗಳು ಕೊಟ್ಟ ಗಮನದಲ್ಲಿ ಕಾಲುಭಾಗವನ್ನಾದರೂ ನಾವು ಹೆತ್ತ ತಾಯಿಯ ನರಕ್ಕೆ ಕೊಟ್ಟಿದ್ದೇವೆಯೆ?

ತುಂಡಾದ ಕೈಕಾಲಿನ ನರ ಚಿಗುರಿದರೂ ದಿನಕ್ಕೆ ಬೆಳೆಯುವುದು ಸುಮಾರು 1 ಮಿಲಿಮೀಟರ್. ಸೊಂಟದಿಂದ ಕಾಲ್ಬೆರಳಿಗೆ ಎಷ್ಟು ದಿನ, ನೀವೇ ಲೆಕ್ಕ ಹಾಕಿ. ಅಷ್ಟು ದೂರ ಮುಟ್ಟುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಬೆಲೆಯಿರುವುದು ಸಾಯುವ ಮುಂಚಿನ ಕಾಲಕ್ಕೆ. ಸಕ್ಕರೆ ಹತೋಟಿಗೆ ಬಂದರೆ ಹಾನಿಯ ವೇಗ ತಗ್ಗುತ್ತದೆ. ಬಿ-12 ಕೊರತೆಯಿದ್ದರೆ, ಕುಷ್ಠವಿದ್ದರೆ, ಅವಕ್ಕೆ ಮದ್ದೇ ಇದೆ. ಆ ಕಾಲವನ್ನು ಕಸಿಯುತ್ತಿರುವುದು ಮುಪ್ಪಲ್ಲ, ನಮ್ಮ ಮಾತು.

ಇನ್ನು ಮೇಲೆ ಮನೆಯಲ್ಲಿ ಯಾರಾದರೂ ‘ಕಾಲು ಜುಮ್ಮೆನ್ನುತ್ತದೆ’ ಎಂದರೆ ವಯಸ್ಸು ಕೇಳಬೇಡಿ. ರಕ್ತ ಪರೀಕ್ಷೆ ಮಾಡಿಸಿ, ಅಂಗಾಲು ತಿರುಗಿಸಿ ನೋಡಿ. ಹಾಗೆ ಹೇಳುತ್ತಿರುವವರು ನೀವೇ ಆಗಿದ್ದರೆ, ಎರಡನೆಯ ಸಲ ಗಟ್ಟಿಯಾಗಿ ಹೇಳಿ.