ಮತದ ಲೆಕ್ಕ ಕೊಡಿ, ಮಾನ್ಯರೇ!

ಗಿರಣಿಯ ಕೂಲಿಗಾರ ಹತ್ತು ನಿಮಿಷ ತಡವಾಗಿ ಗೇಟಿಗೆ ಬಂದರೆ ಅದು ಮಸ್ಟರಿನಲ್ಲಿ ದಾಖಲಾಗುತ್ತದೆ, ಪಗಾರದಲ್ಲಿ ಕಡಿತವಾಗುತ್ತದೆ. ಅಂಗಡಿಕಾರ ಒಂದು ಚೀಲ ಅಕ್ಕಿ ಮಾರಿದರೆ ಕಿರ್ದಿಯಲ್ಲಿ ಬರೆಯಬೇಕು. ಬರೆಯದಿದ್ದರೆ ತೆರಿಗೆ ಅಧಿಕಾರಿ ಬಾಗಿಲಿಗೆ ಬರುತ್ತಾನೆ. ಆದರೆ ನಮ್ಮ ನಿಮ್ಮ ಓಟು ಪಡೆದು ಶಾಸನಸಭೆಗೆ ಹೋದ ಮಾನ್ಯರು ಅಲ್ಲಿ ಯಾವ ಮಸೂದೆಗೆ ಹೌದು ಎಂದರು? ಯಾವುದಕ್ಕೆ ಇಲ್ಲ ಎಂದರು? ಪಕ್ಷ ಒಂದು ಕಡೆ, ಕ್ಷೇತ್ರದ ಜನ ಇನ್ನೊಂದು ಕಡೆ ಇದ್ದಾಗ ಅವರು ಎಂದಾದರೂ ಜನರ ಕಡೆ ನಿಂತದ್ದುಂಟೇ? ಈ ಲೆಕ್ಕ ಕೇಳುವ ಹಕ್ಕು ನಮಗಿದೆ. ಆದರೆ ಲೆಕ್ಕವೇ ಇಲ್ಲ!

ಏಕಿಲ್ಲ? ಮೊದಲನೆಯ ಕಾರಣ, ಧ್ವನಿಮತ. ಹೌದು ಎನ್ನುವವರು ಕೂಗುತ್ತಾರೆ, ಇಲ್ಲ ಎನ್ನುವವರೂ ಕೂಗುತ್ತಾರೆ. ಪೀಠದಲ್ಲಿದ್ದವರು ಕಿವಿಗೊಟ್ಟು ಕೇಳಿ, ಮಸೂದೆ ಅಂಗೀಕಾರವಾಯಿತೆಂದು ಸಾರುತ್ತಾರೆ. ಯಾರು ಕೂಗಿದರು, ಯಾರು ಸುಮ್ಮನೆ ಕುಳಿತರು ಎಂಬುದು ಎಲ್ಲೂ ಬರೆದಿರುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಹೀಗೆಯೇ ಪಾಸಾದವು. ಮತ ಎಣಿಸಿರೆಂದು ವಿರೋಧ ಪಕ್ಷದವರು ಗಂಟಲು ಹರಿದುಕೊಂಡರೂ ಎಣಿಸಲಿಲ್ಲ. ಮರುದಿನ 8 ಸದಸ್ಯರನ್ನು ಅಮಾನತು ಮಾಡಿದರು. ಮೂರು ದಿನ ಕಳೆದ ಮೇಲೆ, ವಿರೋಧ ಪಕ್ಷಗಳ ಬಹುಪಾಲು ಆಸನಗಳು ಖಾಲಿಯಿದ್ದಾಗ, ಮೂರು ಕಾರ್ಮಿಕ ಸಂಹಿತೆಗಳೂ ಧ್ವನಿಮತದಲ್ಲೇ ದಾಟಿದವು. 100 ಮಂದಿ ದುಡಿಯುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂದಿದ್ದ ಮಿತಿಯನ್ನು 300ಕ್ಕೆ ಏರಿಸಿದ್ದು ಇವುಗಳಲ್ಲೊಂದು. ಸಾವಿರಾರು ಸಂಸಾರಗಳ ಅನ್ನದ ಪ್ರಶ್ನೆಯನ್ನು ಕೂಗಾಟದಲ್ಲಿ ತೀರ್ಮಾನಿಸಿದರು!

ಎಣಿಸುವ ಸಾಧನವಿಲ್ಲವೇ? ಲೋಕಸಭೆಯಲ್ಲಿ ಮತ ದಾಖಲಿಸುವ ಯಂತ್ರ 1957ರಷ್ಟು ಹಿಂದೆಯೇ ಬಂದಿದೆ. ಸಂವಿಧಾನದ ತಿದ್ದುಪಡಿಗೆ ಎಣಿಕೆ ಆಗಲೇಬೇಕು, ಆಗುತ್ತಲೂ ಇದೆ. ಸಂಸತ್ತಿನ ಸದಸ್ಯರ ದಿನಭತ್ಯೆಗೆ ಹಾಜರಿ ಪುಸ್ತಕವೂ ಉಂಟು. ಭತ್ಯೆಗೆ ಪುಸ್ತಕವಿದೆ, ಮತಕ್ಕೆ ಪುಸ್ತಕವಿಲ್ಲ. ಇದು ಯಾವ ನ್ಯಾಯ?

ಎರಡನೆಯ ಕಾರಣ ಇನ್ನೂ ಕಠಿಣವಾದದ್ದು. 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿ ತಂದು, ಹತ್ತನೆಯ ಅನುಸೂಚಿಯನ್ನು ಸೇರಿಸಿದರು. ಜನ ಇದನ್ನು ಪಕ್ಷಾಂತರ ನಿಷೇಧ ಕಾಯಿದೆ ಎನ್ನುತ್ತಾರೆ. ಪಕ್ಷ ಹೊರಡಿಸಿದ ವಿಪ್ ಮೀರಿ ಮತ ಹಾಕಿದರೆ, ಅಥವಾ ಮತ ಹಾಕದೆ ಉಳಿದರೆ, 15 ದಿನದೊಳಗೆ ಪಕ್ಷ ಕ್ಷಮಿಸದಿದ್ದಲ್ಲಿ ಸದಸ್ಯತ್ವವೇ ಹೋಗಬಹುದು. ವಿಪ್ ಎಂಬ ಇಂಗ್ಲಿಷ್ ಮಾತಿಗೆ ಚಾವಟಿ ಎಂದೇ ಅರ್ಥ. ಹೆಸರಿಗೆ ತಕ್ಕ ಕೆಲಸವನ್ನೇ ಅದು ಮಾಡುತ್ತಿದೆ. ಹೀಗಿರುವಾಗ ಶಾಸಕನ ಮತವನ್ನು ಅವನ ಪಕ್ಷದ ಮತದೊಡನೆ ಹೋಲಿಸಿ ನೋಡುವುದೇನು? ಎರಡೂ ಒಂದೇ. ಜಿ.ಎಸ್.ಟಿ.ಗೆ ದಾರಿ ಮಾಡಿದ ತಿದ್ದುಪಡಿಯನ್ನು ನೋಡಿ. 2016ರ ಆಗಸ್ಟ್ 3ರಂದು ರಾಜ್ಯಸಭೆಯಲ್ಲಿ ಪರ 203, ವಿರೋಧ ಸೊನ್ನೆ. ಒಪ್ಪದ ಒಂದು ಪಕ್ಷವೂ ಹೊರನಡೆಯಿತೇ ಹೊರತು ವಿರೋಧವಾಗಿ ಮತ ಹಾಕಲಿಲ್ಲ. ಸಣ್ಣ ವ್ಯಾಪಾರಿಯ ಅಳುಕನ್ನು ಆಡಿ ತೋರಿಸುವ ಒಂದು ಮತವಾದರೂ ಬೇಡವಾಗಿತ್ತೇ?

ಇಂಗ್ಲೆಂಡಿನ ಕಡೆ ಒಮ್ಮೆ ನೋಡೋಣ. ವಿಪ್ ಪದ್ಧತಿಯನ್ನು ನಾವು ಕಲಿತದ್ದು ಅವರಿಂದಲೇ. ಅಲ್ಲಿ ಎಣಿಕೆಯಾದ ಪ್ರತಿ ಮತದಾನದಲ್ಲೂ ಯಾರು ಯಾವ ಕಡೆ ಎಂಬುದು ಹೆಸರು ಸಹಿತ ಅಚ್ಚಾಗುತ್ತದೆ. 2003ರ ಮಾರ್ಚ್ 18ರಂದು, ಇರಾಕ್ ಯುದ್ಧದ ಪ್ರಶ್ನೆಯಲ್ಲಿ, ಲೇಬರ್ ಪಕ್ಷದ 139 ಸದಸ್ಯರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಜೆರೆಮಿ ಕಾರ್ಬಿನ್ ಎಂಬ ಸದಸ್ಯರು 1997ರಿಂದ 2010ರವರೆಗೆ 428 ಸಲ ಪಕ್ಷದ ವಿಪ್ ಮೀರಿದರೆಂದು ಎಣಿಸಿ ಹೇಳಬಲ್ಲವರು ಅಲ್ಲಿದ್ದಾರೆ. 2024ರ ಜುಲೈಯಲ್ಲಿ, ಬಡ ಸಂಸಾರಗಳ ಎರಡಕ್ಕಿಂತ ಹೆಚ್ಚಿನ ಮಕ್ಕಳಿಗೆ ಸಹಾಯಧನ ತಡೆದಿದ್ದ ನಿಯಮ ಹೋಗಬೇಕೆಂದು ಮತ ಹಾಕಿದ 7 ಲೇಬರ್ ಸದಸ್ಯರನ್ನು ಪಕ್ಷ ತನ್ನ ಸಂಸದೀಯ ಗುಂಪಿನಿಂದ ಅಮಾನತು ಮಾಡಿತು. ಆದರೆ ಅವರ ಸ್ಥಾನ ಹೋಗಲಿಲ್ಲ. ಅದನ್ನು ಕೊಟ್ಟವರು ಮತದಾರರು, ಕಿತ್ತುಕೊಳ್ಳಬೇಕಾದವರೂ ಅವರೇ. ಮರುವರ್ಷ ಅದೇ ಸರ್ಕಾರ ಆ ನಿಯಮವನ್ನು ತೆಗೆಯುವುದಾಗಿ ಸಾರಿತು. ಆಗ ಗೆದ್ದದ್ದು ಚಾವಟಿಯೋ, ಆ ಏಳು ಮಂದಿಯೋ?

ಕೆಲವರು ಕೇಳುತ್ತಾರೆ: "ವಿಪ್ ಸಡಿಲಿಸಿದರೆ ಶಾಸಕರು ಸಂತೆಯ ದನಗಳಂತೆ ಬಿಕರಿಯಾಗುವುದಿಲ್ಲವೇ?" ಪ್ರಶ್ನೆ ಹುಡುಗಾಟದ್ದಲ್ಲ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದ್ದನ್ನು ದೇಶ ಮರೆತಿಲ್ಲ. ಆದರೆ ಕಾಯಿದೆ ಬಂದ ಮೇಲೆ ಸಂತೆ ನಿಂತಿತೇ? ನಮ್ಮ ಕರ್ನಾಟಕವೇ ಉತ್ತರ ಹೇಳಲಿ. 2019ರಲ್ಲಿ 17 ಶಾಸಕರು ಅನರ್ಹರಾದರು, ಜುಲೈ 23ರಂದು ಸರ್ಕಾರ ಬಿತ್ತು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದು ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು. 2020ರ ಫೆಬ್ರವರಿಯಲ್ಲಿ 10 ಮಂದಿಗೆ ಮಂತ್ರಿಗಿರಿಯೂ ದೊರೆಯಿತು! ಇದು ಶಿಕ್ಷೆಯೋ, ಬಹುಮಾನವೋ? ಇನ್ನು ಶಾಸಕಾಂಗ ಪಕ್ಷದ ಮೂರರಲ್ಲಿ ಎರಡು ಪಾಲು ಜನ ಒಟ್ಟಾಗಿ ಹೊರಟರೆ ಕಾಯಿದೆ ಅದನ್ನು ವಿಲೀನ ಎಂದು ಕರೆದು ದಾರಿ ಬಿಡುತ್ತದೆ. ಗುಂಪು ಕಟ್ಟಿ ಪಕ್ಷ ಬಿಡುವವನಿಗೆ ರಕ್ಷಣೆ. ಪಕ್ಷದಲ್ಲೇ ಉಳಿದು, ಒಂದು ಕೆಟ್ಟ ಬಿಲ್ಲಿಗೆ ಮಾತ್ರ ಇಲ್ಲ ಎನ್ನುವ ಪ್ರಾಮಾಣಿಕನಿಗೆ ಶಿಕ್ಷೆ. ಈ ತಲೆಕೆಳಗಾದ ನ್ಯಾಯವನ್ನು ನಾವು ಖಂಡಿಸುತ್ತೇವೆ.

ಪರಿಹಾರ ಹೊಸದೇನಲ್ಲ. ವಿಪ್ ಮೀರಿದವರ ಅನರ್ಹತೆ ವಿಶ್ವಾಸ, ಅವಿಶ್ವಾಸ ಮತಗಳಿಗೆ ಮಾತ್ರ ಇರಲಿ ಎಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. 1992ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯುವಾಗಲೂ, ಈ ಶಿಕ್ಷೆ ಸರ್ಕಾರದ ಅಳಿವು ಉಳಿವಿನ ಮತಕ್ಕೂ, ಪಕ್ಷ ಜನರ ಮುಂದಿಟ್ಟು ಗೆದ್ದ ಮುಖ್ಯ ಕಾರ್ಯಕ್ರಮಕ್ಕೂ ಸೀಮಿತವಾಗಿರಲಿ ಎಂದಿತು. ಆದರೂ ಪಕ್ಷಗಳ ಮುಖಂಡರು ಕಿವುಡರಾಗಿದ್ದಾರೆ. ಚಾವಟಿ ಕೈಯಲ್ಲಿರುವವನು ಅದನ್ನು ತಾನಾಗಿ ಕೆಳಗಿಟ್ಟದ್ದುಂಟೇ?

ಆದ್ದರಿಂದ ನಮ್ಮ ಬೇಡಿಕೆ ಎರಡು. ಒಂದು, ಪ್ರತಿ ಮಸೂದೆಯ ಕೊನೆಯ ಮತದಾನವನ್ನು ಹೆಸರು ಹೆಸರಾಗಿ ದಾಖಲಿಸಿ ಜನರ ಮುಂದಿಡಬೇಕು. ಎರಡು, ಸರ್ಕಾರದ ಅಳಿವು ಉಳಿವಿನ ಪ್ರಶ್ನೆಯ ಹೊರತು ಬೇರೆ ಮತಕ್ಕಾಗಿ ಯಾರ ಸದಸ್ಯತ್ವವೂ ಹೋಗಕೂಡದು. ಮೊದಲನೆಯದಿಲ್ಲದೆ ಎರಡನೆಯದು ಬಂದರೆ ಕತ್ತಲೆಯಲ್ಲಿ ವ್ಯಾಪಾರ ಬೆಳೆದೀತು. ಎರಡನೆಯದಿಲ್ಲದೆ ಮೊದಲನೆಯದು ಬಂದರೆ ಪಕ್ಷದ ಪಟ್ಟಿಯನ್ನೇ ಮತ್ತೊಮ್ಮೆ ಅಚ್ಚು ಹಾಕಿದಂತೆ. ಎರಡೂ ಒಟ್ಟಿಗೆ ಬರಬೇಕು.

ಮಿತ್ರರೇ, ಕಾಯಿದೆ ಬದಲಾಗುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಕಾರ್ಖಾನೆಗಳ ತಿದ್ದುಪಡಿ ಮಸೂದೆಯನ್ನು ಪಾಸು ಮಾಡಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಲು ದಾರಿ ತೆರೆಯಿತು. ಅಂದು ಸದನದಲ್ಲಿದ್ದವರು ಮತ್ತೆ ಓಟು ಕೇಳಲು ನಿಮ್ಮ ಓಣಿಗೆ ಬಂದಾಗ ಹಾರ ಹಾಕುವ ಮೊದಲು ನಿಲ್ಲಿಸಿ ಕೇಳಿ: "ಸ್ವಾಮಿ, ಅಂದು ನೀವು ಹೌದು ಎಂದಿರೋ, ಇಲ್ಲ ಎಂದಿರೋ? ನಿಮ್ಮ ಪಕ್ಷ ಏನೆಂದಿತೆಂದು ನಮಗೆ ಗೊತ್ತು. ನೀವು ಏನೆಂದಿರಿ?" ಉತ್ತರ ಬಾರದಿದ್ದರೆ, ಓಟೂ ಬಾರದು ಎಂದು ಹೇಳಿ ಕಳಿಸಿ.